ಇಪ್ಪತ್ತೊಂದು ನಿಮಿಷ

ಐವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾಗಲು ಹೊರಟವಳಿಗೆ ಜನ ಏನೆನ್ನುತ್ತಾರೋ ಎಂಬ ಅಂಜಿಕೆ ಇರಬೇಕಿತ್ತು. ನನಗೆ ಇದ್ದದ್ದು ರೈಲು ಬರುತ್ತದೋ ಇಲ್ಲವೋ ಎಂಬ ಅಂಜಿಕೆ ಮಾತ್ರ. ಜನರನ್ನು ಸುಮ್ಮನಾಗಿಸುವುದು ನನಗೆ ಗೊತ್ತು. ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಊರಿನ ಅರ್ಧ ಜನರ ಸೊಂಟದ ಸುತ್ತಳತೆ ನನ್ನ ಪುಸ್ತಕದಲ್ಲಿದೆ, ಅದು ಗುಟ್ಟಾಗಿಯೇ ಇರಲಿ ಎಂದು ಬಯಸುವವರು ನನ್ನ ವಿಷಯ ಮಾತಾಡುವುದಿಲ್ಲ. ರೈಲಿನ ಮೇಲೆ ಆ ಅಸ್ತ್ರ ನಡೆಯುವುದಿಲ್ಲ.

ನಮ್ಮೂರಿಗೂ ಮದುವೆ ನೋಂದಣಿ ಕಚೇರಿ ಇರುವ ಊರಿಗೂ ನಡುವೆ ಇರುವುದು ಒಂದೇ ಹಳಿ, ನಾಲ್ಕು ಗಂಟೆಯ ದಾರಿ. ಆ ಹಳಿಯ ಮೇಲೆ ರೈಲು ಓಡಿಸುವ ಹನ್ನೊಂದು ಜನ ಚಾಲಕರಲ್ಲಿ ಒಬ್ಬ ನನ್ನ ತಮ್ಮ. ಆ ಹನ್ನೊಂದು ಜನರ ಸಂಘಕ್ಕೆ ಕಾರ್ಯದರ್ಶಿಯೂ ಅವನೇ. ಹಾಗಾಗಿ ನನ್ನ ಮದುವೆಗೆ ಬಂದ ಅಡ್ಡಿಗಳಿಗೆ ನಾನು ಹಣೆಬರಹವನ್ನು ದೂರಬೇಕಾಗಲಿಲ್ಲ. ಅಡ್ಡಿ ನಮ್ಮ ಮನೆಯಲ್ಲೇ ಉಂಡು ಮಲಗುತ್ತಿತ್ತು.

ವರನ ವಿಷಯ ಹೇಳಿಬಿಡುತ್ತೇನೆ. ಅವರು ಆ ಕಡೆಯ ಊರಿನಲ್ಲಿ, ಹಳಿ ಮುಗಿಯುವ ನಿಲ್ದಾಣದ ಹೊರಗೆ, ಒಂದು ಗೂಡಂಗಡಿಯಲ್ಲಿ ಕೂತು ಕೀಲಿಕೈ ಮಾಡುವವರು. ಹೋದ ವರ್ಷ ಚಾಲಕರು ಎರಡು ದಿನ ಪೂರ್ತಿ ಮುಷ್ಕರ ಹೂಡಿದಾಗ ನಾನು ದಾರ, ಲೈನಿಂಗ್ ಬಟ್ಟೆ ತರಲು ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡೆ. ಪೆಟ್ಟಿಗೆಯ ಕೀಲಿಕೈಯೂ ಆಗಲೇ ಕಳೆದಿತ್ತು. ಅವರು ಬೀಗ ತೆಗೆದುಕೊಟ್ಟರು, ಕೂರಲು ಕುರ್ಚಿ ಕೊಟ್ಟರು. ಎರಡು ದಿನ ಅವರು ಅರ ತಿಕ್ಕುವುದನ್ನು ನೋಡುತ್ತ ಕೂತಿದ್ದೆ. ಅಷ್ಟರಲ್ಲಿ ಅವರು ಆಡಿದ್ದು ಹೆಚ್ಚೆಂದರೆ ಹತ್ತು ಮಾತು, ಅದರಲ್ಲಿ ಒಂದೂ ತನ್ನ ಬಗ್ಗೆ ಅಲ್ಲ. ಇಂಥ ಗಂಡಸು ಇರುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ತಮ್ಮ ಅವರನ್ನು ‘ಕೀಲಿಕೈಯವರು’ ಎನ್ನುತ್ತಿದ್ದ. ಭಾವ ಅನ್ನೋ ಎಂದರೆ ಒಪ್ಪುತ್ತಿರಲಿಲ್ಲ.

“ಸಹಿ ಆಗ್ಲಿ ಅಕ್ಕ. ಸಿಗ್ನಲ್ ಸಿಗೋಕೆ ಮುಂಚೆ ಗಾಡಿ ಬಿಡೋ ಅಭ್ಯಾಸ ನಂಗಿಲ್ಲ.”

ಅವನ ಅಭ್ಯಾಸಗಳಲ್ಲಿ ಇನ್ನೊಂದಿದೆ. ಎಂಜಿನ್ನಿನಲ್ಲಿ ಇಬ್ಬರಿರುತ್ತಾರಷ್ಟೆ, ಚಾಲಕ ಮತ್ತು ಸಹಾಯಕ. ಸಿಗ್ನಲ್ ಕಂಡ ಕೂಡಲೇ ಒಬ್ಬ ಬೆರಳು ತೋರಿಸಿ ‘ಹಸಿರು’ ಎಂದು ಗಟ್ಟಿಯಾಗಿ ಹೇಳಬೇಕು. ಇನ್ನೊಬ್ಬ ತನ್ನ ಕಣ್ಣಾರೆ ನೋಡಿ ‘ಹಸಿರು’ ಎಂದು ತಿರುಗಿ ಹೇಳಬೇಕು. ಇಬ್ಬರೂ ಎಚ್ಚರವಾಗಿದ್ದಾರೆ ಎನ್ನುವುದಕ್ಕೆ ಅದೇ ಪುರಾವೆ. ಅವನು ಪರೀಕ್ಷೆಗೆ ಓದುತ್ತಿದ್ದಾಗ ಆ ಇನ್ನೊಬ್ಬ ನಾನಾಗಿದ್ದೆ. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ಬೇರೆ ಯಾರಿದ್ದರು? ಇಪ್ಪತ್ತು ವರ್ಷವಾದರೂ ಅದು ಬಿಟ್ಟಿಲ್ಲ. ಮನೆಯಿಂದ ಹೊರಡುವಾಗ ಅವನು ಒಲೆಗೆ ಬೆರಳು ತೋರಿಸಿ ‘ಗ್ಯಾಸ್ ಆಫ್’ ಎನ್ನುತ್ತಾನೆ, ನಾನು ನೋಡಿ ‘ಗ್ಯಾಸ್ ಆಫ್’ ಎನ್ನುತ್ತೇನೆ. ‘ಹಿಂದಿನ ಬಾಗ್ಲು ಹಾಕಿದೆ.’ ‘ಹಿಂದಿನ ಬಾಗ್ಲು ಹಾಕಿದೆ.’ ಈ ಮನೆಯಲ್ಲಿ ಎಲ್ಲ ಮಾತನ್ನೂ ಎರಡೆರಡು ಸಲ ಕೇಳಬೇಕು ಎಂದು ಬೇಸತ್ತು ಅವನ ಹೆಂಡತಿ ತವರಿಗೆ ಹೋದಳು ಎಂದು ನಾನು ತಮಾಷೆ ಮಾಡುವುದುಂಟು. ಅವಳು ಹೋದದ್ದು ಗಂಡ ಮನೆಯಲ್ಲಿ ಇರುವುದೇ ಇಲ್ಲ ಎಂಬ ಕಾರಣಕ್ಕೆ.

ಈ ಸಲದ ಜಗಳ ಶುರುವಾದದ್ದು ‘ಹಾಡುಗಾರ’ನಿಂದ. ಎಂಜಿನ್ನಿನಲ್ಲಿ ಹಾಡಿಕೊಳ್ಳುತ್ತಾನೆಂದು ಆ ಚಾಲಕನಿಗೆ ಆ ಹೆಸರು. ಒಂದು ದಿನ ಹದಿನಾಲ್ಕು ಗಂಟೆ ಓಡಿಸಿದ ಮೇಲೆ ಅವನು ಸಾಕು ಎಂದ. ರೈಲ್ವೆ ಕಚೇರಿಯವರು ಫೋನಿನಲ್ಲಿ, ಇನ್ನೊಂದೇ ಸ್ಟೇಷನ್ನು, ಇಪ್ಪತ್ತು ನಿಮಿಷ, ತಂದುಬಿಡಪ್ಪ ಎಂದರು. ಅವನು ತಂದ. ಹಳಿ ಮುಗಿಯುವಲ್ಲಿ ಇರುವ ತಡೆಗೋಡೆಯವರೆಗೂ ತಂದು, ಗೋಡೆಗೆ ಗುದ್ದಿದ. ಮೂವತ್ತು ಜನರಿಗೆ ಪೆಟ್ಟಾಯಿತು, ಅವನ ಕಾಲು ಮುರಿಯಿತು. ವಿಚಾರಣೆಯಲ್ಲಿ ಕಚೇರಿಯವರು ನಿಯಮದ ಪುಸ್ತಕ ತೆಗೆದು ತೋರಿಸಿದರು. ಚಾಲಕ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸಕೂಡದು ಎಂದು ಅದರಲ್ಲಿ ಅಚ್ಚಾಗಿತ್ತು. ನಿಯಮ ಮೀರಿದ್ದಕ್ಕೆ ಹಾಡುಗಾರನನ್ನು ಕೆಲಸದಿಂದ ತೆಗೆದರು.

ಸಂಘದವರು ಆ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳಲು ನಿರ್ಧರಿಸಿದರು. ಈ ಸಲ ಮುಷ್ಕರವಿಲ್ಲ, ನಿಯಮ ಮಾತ್ರ. ಒಂಬತ್ತು ಗಂಟೆಯೊಳಗೆ ಮುಂದಿನ ನಿಲ್ದಾಣ ಮುಟ್ಟಲಾಗದು ಎಂದರೆ ಇದ್ದ ನಿಲ್ದಾಣದಲ್ಲೇ ಗಾಡಿ ನಿಲ್ಲಿಸಿ, ಬೀಗ ಹಾಕಿ, ಇಳಿಯುವುದು. ಬೇರೆ ಚಾಲಕನನ್ನು ಕಳಿಸುವುದು ಕಚೇರಿಯ ತಲೆನೋವು. ಆ ಠರಾವು ಬರೆದದ್ದು ನನ್ನ ಅಂಗಡಿಯಲ್ಲಿ, ನನ್ನ ಅಳತೆ ಪುಸ್ತಕದ ಹಾಳೆಯ ಮೇಲೆ. ತಮ್ಮ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂದು ಸೇರಿಸಿದ್ದ. ನನಗೆ ಮೈಯೆಲ್ಲ ಉರಿಯಿತು. ಸಾಧ್ಯವಾದಷ್ಟು ಮಟ್ಟಿಗೆ ಎಂದು ತೋಳಿನ ಅಳತೆ ತೆಗೆದುಕೊಂಡರೆ ಅಂಗಿ ಆಗುತ್ತದೆಯೇ? ಅದನ್ನು ಹೊಡೆದುಹಾಕಿ ನಾನೇ ಬರೆದೆ: ‘ಯಾರಿಗಾಗಿಯೂ ಒಂದು ನಿಮಿಷವೂ ಹೆಚ್ಚಿಲ್ಲ.’ ಸಭೆಯಲ್ಲಿ ಆ ಸಾಲಿಗೇ ಹೆಚ್ಚು ಚಪ್ಪಾಳೆ ಬಿತ್ತಂತೆ.

ನಾನು ಅಷ್ಟು ಕಟ್ಟುನಿಟ್ಟಾಗಲು ಕಾರಣವಿತ್ತು. ಅದಕ್ಕೆ ವಾರದ ಹಿಂದೆ ಒಂದು ಬೆಳಿಗ್ಗೆ ತಮ್ಮ ಡ್ಯೂಟಿ ಮುಗಿಸಿ ಬಂದು, ಬೂಟೂ ಬಿಚ್ಚದೆ ಅಡುಗೆಮನೆಯಲ್ಲಿ ನಿಂತ.

“ಎರಡು ಸ್ಟೇಷನ್ ದಾಟಿದ್ದು ನಂಗೆ ನೆನಪೇ ಇಲ್ಲ ಅಕ್ಕ. ಹಸಿರು ಅಂದಿದ್ದೀನಿ, ಅವ್ನೂ ಹಸಿರು ಅಂದಿದ್ದಾನೆ. ಇಬ್ರೂ ಹೇಳಿದ್ದೀವಿ. ಇಬ್ರೂ ನೋಡಿಲ್ಲ.”

ನಾನು ಚಹಾ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ. ಆಮೇಲೆ ಅದನ್ನು ಯಾರೂ ಕುಡಿಯಲಿಲ್ಲ.

ಇನ್ನು ನನ್ನ ಮದುವೆ. ನೋಂದಣಿಗೆ ಅರ್ಜಿ ಕೊಟ್ಟ ಮೇಲೆ ಮೂರು ತಿಂಗಳೊಳಗೆ ಹೋಗಿ ಸಹಿ ಹಾಕಬೇಕು, ಇಲ್ಲದಿದ್ದರೆ ಎಲ್ಲ ಮೊದಲಿಂದ. ಮೂವರು ಸಾಕ್ಷಿಗಳು ಬೇಕು. ಇಬ್ಬರನ್ನು ಕೀಲಿಕೈಯವರು ಗೊತ್ತುಮಾಡಿದ್ದರು, ಪಕ್ಕದ ಅಂಗಡಿಯ ಕೊಡೆ ರಿಪೇರಿಯವರು ಮತ್ತು ಅವರ ಹೆಂಡತಿ. ಮೂರನೆಯವನು ನನ್ನ ತಮ್ಮನೇ ಆಗಬೇಕು ಎಂದು ನಾನು ಹಟ ಹಿಡಿದೆ. ನನ್ನ ಕಡೆಯಿಂದ ಒಬ್ಬನಾದರೂ ಬೇಡವೇ? ಮೊದಲು ಗೊತ್ತುಮಾಡಿದ ದಿನ ರೈಲು ಅರ್ಧ ದಾರಿಯಲ್ಲಿ ನಿಂತಿತು, ನಾವು ಸಂಜೆ ಏಳಕ್ಕೆ ಮುಟ್ಟಿದೆವು. ಎರಡನೆಯ ದಿನ ಕಚೇರಿಯವರು ಚಾಲಕರ ರಜೆಯನ್ನೆಲ್ಲ ರದ್ದುಮಾಡಿದರು. ಉಳಿದದ್ದು ಮೂರು ತಿಂಗಳ ಕೊನೆಯ ದಿನ. ನೋಂದಣಿ ಕಚೇರಿ ಬಾಗಿಲು ಹಾಕುವುದು ನಾಲ್ಕೂವರೆಗೆ.

ರಜೆ ಆಗಲೂ ಸಿಗಲಿಲ್ಲ. ಆದರೆ ಆ ದಿನ ಹತ್ತೂ ಹತ್ತರ ರೈಲಿಗೆ ತಮ್ಮನೇ ಚಾಲಕ. ಅವನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಬೆಳಿಗ್ಗೆ ಆರಕ್ಕೆ ಡ್ಯೂಟಿ ಶುರು, ಮೊದಲು ಜಂಕ್ಷನ್ನಿಗೆ ಒಂದು ಗೂಡ್ಸ್ ಗಾಡಿ ಬಿಟ್ಟು ಬರುವುದು, ಆಮೇಲೆ ಈ ರೈಲು. ಆ ಕಡೆ ಮುಟ್ಟುವುದು ಎರಡೂ ಇಪ್ಪತ್ತಕ್ಕೆ. ಒಂಬತ್ತು ಗಂಟೆ ತುಂಬುವುದು ಮೂರಕ್ಕೆ. ನಲವತ್ತು ನಿಮಿಷ ಕೈಯಲ್ಲಿರುತ್ತೆ, ಇಳಿದು ಬಂದು ಸಹಿ ಹಾಕ್ತೀನಿ ಎಂದ. ಹಿಂದಿನ ಮೂರು ದಿನವೂ ಅವನಿಗೆ ಹೊತ್ತುಗೊತ್ತಿಲ್ಲದ ಡ್ಯೂಟಿ. ನಾನು ಹೊಲಿದ ಬಿಳಿ ಅಂಗಿಯನ್ನು ಮಡಿಸಿ ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಹೊರಟ.

ನಾನು ಮೊದಲ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತೆ. ಎದುರಿಗೆ ಬಂದು ಕೂತವರು ಒಬ್ಬ ಕೋಳಿ ವ್ಯಾಪಾರಿ. ಅವರ ಜೊತೆ ಆರು ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಗೆ ನೂರು ಕೋಳಿಮರಿ, ಎಲ್ಲವೂ ಹುಟ್ಟಿ ಒಂದು ದಿನವಾದವು. ಆರುನೂರು ಮರಿಗಳೂ ಒಟ್ಟಿಗೆ ಚಿಂವ್‌ಗುಟ್ಟುತ್ತಿದ್ದವು. ನನ್ನ ಹೊಸ ಬಟ್ಟೆ ನೋಡಿ, “ಮದ್ವೆಗಾ?” ಎಂದು ಕೇಳಿದರು.

“ಹೂಂ.”

“ಯಾರ್ದು?”

“ನಂದೇ.”

ಅವರು ಸ್ವಲ್ಪ ಹೊತ್ತು ಕೋಳಿಮರಿಗಳನ್ನು ನೋಡಿದರು.

ಅರ್ಧ ದಾರಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಒಂದು ನಿಲ್ದಾಣದಲ್ಲಿ ನಿಂತ ರೈಲು ಏಳಲೇ ಇಲ್ಲ. ವಿಚಾರಿಸಿದರೆ, ಮುಂದಿನ ನಿಲ್ದಾಣದಲ್ಲಿ ಒಂದು ಗೂಡ್ಸ್ ಗಾಡಿ ದಾರಿಗೆ ಅಡ್ಡ ನಿಂತಿದೆ, ಅದರ ಚಾಲಕ ಒಂಬತ್ತು ಗಂಟೆ ಆಯಿತೆಂದು ಬೀಗ ಹಾಕಿ ಇಳಿದಿದ್ದಾನೆ ಎಂದರು. ಅವನು ನಮಗೆ ಗೊತ್ತಿದ್ದವನೇ. ಠರಾವಿನ ಸಭೆಯಲ್ಲಿ ನನ್ನ ಸಾಲಿಗೆ ಮೊದಲು ಚಪ್ಪಾಳೆ ತಟ್ಟಿದವನು. ಬೇರೆ ಚಾಲಕ ಬಂದು ಅದನ್ನು ಸರಿಸುವಷ್ಟರಲ್ಲಿ ಒಂದು ಗಂಟೆ ಒಂದು ನಿಮಿಷ ಹೋಯಿತು. ಕೋಳಿ ವ್ಯಾಪಾರಿ ಆ ಚಾಲಕನನ್ನು, ಎಲ್ಲ ಚಾಲಕರನ್ನು, ಅವರ ಸಂಘವನ್ನು, ಅವರ ಠರಾವು ಬರೆದವರನ್ನು ಕ್ರಮವಾಗಿ ಬೈದರು. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ.

ಕೊನೆಯ ನಿಲ್ದಾಣಕ್ಕೆ ಒಂದು ನಿಲ್ದಾಣ ಮುಂಚೆ, ಎರಡು ಬೆಂಚು ಒಂದು ನಲ್ಲಿ ಇರುವ ಪುಟ್ಟ ಪ್ಲಾಟ್‌ಫಾರ್ಮಿನಲ್ಲಿ ರೈಲು ನಿಂತಾಗ ಎರಡೂ ಐವತ್ತಾರು. ಮುಂದಿನ ದಾರಿ ಇಪ್ಪತ್ತೈದು ನಿಮಿಷದ್ದು. ಲೆಕ್ಕ ನನಗೂ ಬರುತ್ತದೆ. ಎಂಜಿನ್ನಿನ ಬಾಗಿಲು ತೆಗೆದ ಸದ್ದು, ಹಾಕಿದ ಸದ್ದು, ಬೀಗ ತಿರುಗಿದ ಸದ್ದು ಕೇಳಿಸಿತು. ತಮ್ಮ ಚೀಲ ಹಿಡಿದು ಪ್ಲಾಟ್‌ಫಾರ್ಮಿಗೆ ಇಳಿದ.

ಒಂದೇ ನಿಮಿಷದಲ್ಲಿ ನೂರು ಜನ ಅವನನ್ನು ಸುತ್ತಿಕೊಂಡರು. ಒಬ್ಬಳು ಹೆಂಗಸು ಆಸ್ಪತ್ರೆಯ ಚೀಟಿ ತೋರಿಸುತ್ತಿದ್ದಳು. ಒಬ್ಬ ಹುಡುಗಿ ಸಂದರ್ಶನಕ್ಕೆ ಕರೆದ ಪತ್ರ ಹಿಡಿದು ಸುಮ್ಮನೆ ಅಳುತ್ತಿದ್ದಳು. ಕೋಳಿ ವ್ಯಾಪಾರಿಯ ದನಿ ಎಲ್ಲಕ್ಕಿಂತ ಮೇಲಿತ್ತು.

“ಎಷ್ಟು ಹೆಚ್ಚಾಗುತ್ತೆ? ಇಪ್ಪತ್ತೊಂದು ನಿಮಿಷ. ಇಪ್ಪತ್ತೊಂದು ನಿಮಿಷ ಓಡಿಸಿದ್ರೆ ನಿಮ್ಮ ಗಂಟೇನು ಹೋಗುತ್ತೆ? ನನ್ನ ಮರಿಗಳು ಬಿಸಿಲಿಗೆ ಸಾಯ್ತವೆ.”

ತಮ್ಮ ಅವರ ನಡುವಿನಿಂದ ದಾರಿ ಮಾಡಿಕೊಂಡ. ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಬಂದು ನನ್ನ ಕಿಟಕಿಯ ಕೆಳಗೆ ನಿಂತ. ಅವನ ಕಣ್ಣು ಕೆಂಪಗಿತ್ತು. ನಿಂತ ಜಾಗದಲ್ಲೇ ಸ್ವಲ್ಪ ತೂಗುತ್ತಿದ್ದ.

“ನೀನು ಹೇಳಿದ್ರೆ ಓಡಿಸ್ತೀನಿ ಅಕ್ಕ.”

ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಲ್ಲಿಸಿದ್ದರೆ ನಿಲ್ಲಿಸಿದೆ ಎನ್ನಬೇಕಿತ್ತು, ಓಡಿಸುವುದಿದ್ದರೆ ಓಡಿಸಬೇಕಿತ್ತು. ಇದನ್ನು ತಂದು ನನ್ನ ಮಡಿಲಿಗೆ ಹಾಕುವುದೇ? ಹೂಂ ಎಂದುಬಿಡೋಣ ಎನ್ನಿಸಿತು. ಮೂವತ್ತು ವರ್ಷ ಊರಿನವರ ಮದುವೆ ಬಟ್ಟೆಗಳನ್ನೆಲ್ಲ ಹೊಲಿದವಳು ನಾನು, ಒಂದೇ ಒಂದು ಸಲ ಇಪ್ಪತ್ತೊಂದು ನಿಮಿಷ ಕೇಳಬಾರದೇ? ಬಾಯಿವರೆಗೂ ಬಂದಿತ್ತು. ಆಗ ಅವನು ಕಿಟಕಿಯ ಸರಳು ಹಿಡಿದು ಕಣ್ಣು ಮುಚ್ಚಿದ. ರೆಪ್ಪೆ ಬಡಿದದ್ದಲ್ಲ, ಮುಚ್ಚಿದ್ದು. ನಾನು ಮನಸ್ಸಿನಲ್ಲೇ ನಾಲ್ಕು ಎಣಿಸಿದ ಮೇಲೆ ತೆರೆದ.

“ಬೇಡ,” ಎಂದೆ.

“ಆ ಸಾಲು ನೀನೇ ಬರ್ದಿದ್ದಕ್ಕೆ ಬೇಡ ಅಂತಿದ್ದೀಯಾ?”

“ಸಾಲು ಹಾಳಾಗ್ಲಿ. ನೀನು ನಿಂತ್ಕೊಂಡೇ ನಿದ್ದೆ ಮಾಡ್ತಿದ್ದೀಯ. ಇಳಿಸ್ಕೋ ನನ್ನ ಚೀಲ.”

ಅಕ್ಕ ಎಂದದ್ದು ಕೋಳಿ ವ್ಯಾಪಾರಿಯ ಕಿವಿಗೆ ಬಿದ್ದಿತ್ತು. ಅವರು ನನ್ನನ್ನೂ ಅವನನ್ನೂ ಒಬ್ಬರಾದ ಮೇಲೊಬ್ಬರನ್ನು ನೋಡಿದರು.

“ನಿಮ್ಮ ತಮ್ಮನಾ? ನಿಮ್ಮ ಮದ್ವೆಗೂ ಓಡಿಸಲ್ವಂತಾ?”

“ನಾನೇ ಬೇಡ ಅಂದೆ.”

“ಒಳ್ಳೆ ಮನೆ ನಿಮ್ದು,” ಎಂದರು.

ಆದರೂ ನಮ್ಮನ್ನು ಪಾರುಮಾಡಿದವರು ಅವರೇ. ಮರಿಗಳನ್ನು ಒಯ್ಯಲು ಆ ಕಡೆಯ ನಿಲ್ದಾಣಕ್ಕೆ ಅವರ ಬಾಮೈದ ವ್ಯಾನು ತಂದು ಕಾಯುತ್ತಿದ್ದ. ಅವನಿಗೆ ಫೋನ್ ಮಾಡಿ ಇಲ್ಲಿಗೇ ಕರೆಸಿದರು. ಹಿಂದುಗಡೆ ಜಾಗ ಇದ್ದಷ್ಟು ಜನ ಹತ್ತಿಕೊಳ್ಳಿ ಎಂದರು. ಚೀಟಿಯ ಹೆಂಗಸನ್ನೂ ಪತ್ರದ ಹುಡುಗಿಯನ್ನೂ ಮುಂದೆ ಕೂರಿಸಿದರು. ಹಿಂದೆ ಆರು ಪೆಟ್ಟಿಗೆ, ಅವರು, ನಾನು. ನನ್ನ ತಮ್ಮ ರೈಲಿನ ಕಾಗದ, ಬೀಗದ ಕೈ ಎಲ್ಲವನ್ನೂ ಸ್ಟೇಷನ್ ಮಾಸ್ಟರಿಗೆ ಒಪ್ಪಿಸಿ, ಗಾಡಿ ಕಾಯಲು ಸಹಾಯಕನನ್ನು ಬಿಟ್ಟು, ಕೊನೆಗೆ ಹತ್ತಿದ. ಅವನನ್ನು ಹತ್ತಿಸಿಕೊಳ್ಳುವಾಗ ಕೋಳಿ ವ್ಯಾಪಾರಿಯ ಮುಖ ಗಂಟಿಕ್ಕಿತ್ತು.

ನಾನು ಕೀಲಿಕೈಯವರಿಗೆ ಫೋನ್ ಮಾಡಿದೆ. ನಾಲ್ಕೂವರೆಗೆ ಮುಟ್ಟುವುದು ಅನುಮಾನ ಎಂದೆ. ಅವರು, “ಆಯ್ತು, ನಾನು ಇಲ್ಲೇ ಆಫೀಸಲ್ಲಿ ಕೂತಿರ್ತೀನಿ. ನೀವು ಬನ್ನಿ,” ಎಂದರು. ಅದೊಂದೇ ಮಾತಿಗೆ ನನಗೆ ಅಳು ಬಂತು. ಕೋಳಿಮರಿಗಳ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ನಡುವೆ ರೈಲ್ವೆ ಗೇಟು ಮುಚ್ಚಿತ್ತು. ವ್ಯಾನು ಅದರ ಮುಂದೆ ಹೋಗಿ ನಿಂತಾಗ ನಾಲ್ಕು ಗಂಟೆ. ನಿಂತ ರೈಲನ್ನು ತರಲು ಕಚೇರಿಯವರು ಬೇರೆ ಚಾಲಕನನ್ನು ಬರೀ ಎಂಜಿನ್ನಿನಲ್ಲಿ ಕಳಿಸುತ್ತಿದ್ದಾರೆ, ಅದು ಹೋಗುವವರೆಗೆ ಗೇಟು ತೆಗೆಯುವುದಿಲ್ಲ ಎಂದ ಗೇಟಿನವನು. ಹೀಗೆ, ನಮ್ಮ ರೈಲಿನ ಚಾಲಕನನ್ನು ಪಕ್ಕದಲ್ಲೇ ಕೂರಿಸಿಕೊಂಡು ನಾವು ನಮ್ಮ ರೈಲಿನ ಚಾಲಕ ಹಾದುಹೋಗಲಿ ಎಂದು ಕಾಯುತ್ತ ಕೂತೆವು. ಅರ್ಧ ಗಂಟೆ ಕೂತೆವು. ನಾಲ್ಕೂವರೆ ಆಗುವುದನ್ನು ನಾನು ಕೈಗಡಿಯಾರದಲ್ಲಿ ಕಣ್ಣಾರೆ ನೋಡಿದೆ.

ಆಗ ಎಂಜಿನ್ನು ಬಂತು. ಗೇಟಿನ ಹತ್ತಿರ ಬರುವಾಗ ಹಾರ್ನ್ ಉದ್ದಕ್ಕೆ ಹೊಡೆಯಬೇಕು ಎಂಬುದೂ ನಿಯಮವೇ, ಅವನು ಹೊಡೆದ. ಹತ್ತು ಮಾರು ದೂರದಲ್ಲಿ. ವ್ಯಾನಿನ ತಗಡು ನಡುಗಿತು, ಆರುನೂರು ಮರಿಗಳೂ ಕಿರುಚಿಕೊಂಡವು, ನಾನು ಎರಡೂ ಕಿವಿ ಮುಚ್ಚಿಕೊಂಡೆ. ಎಂಜಿನ್ನು ದಾಟಿ ಹೋದ ಮೇಲೆ ನೋಡಿದರೆ ಕೋಳಿ ವ್ಯಾಪಾರಿ ನನ್ನ ತಮ್ಮನನ್ನೇ ನೋಡುತ್ತಿದ್ದರು.

ಅವನು ಒಂದು ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟು ನಿದ್ದೆಹೋಗಿದ್ದ. ಯಾವಾಗ ಹೋದನೋ ಗೊತ್ತಿಲ್ಲ, ವ್ಯಾನು ಹೊರಟಾಗಲೇ ಇರಬೇಕು. ಬಾಯಿ ಸ್ವಲ್ಪ ತೆರೆದಿತ್ತು. ಪೆಟ್ಟಿಗೆಯ ತೂತಿನಿಂದ ಒಂದು ಮರಿ ಅವನ ಕಿವಿಯನ್ನು ಕುಕ್ಕುತ್ತಿತ್ತು. ಅದೂ ಅವನಿಗೆ ಗೊತ್ತಾಗಲಿಲ್ಲ.

“ಆ ಹಾರ್ನಿಗೂ ಏಳ್ಲಿಲ್ಲ,” ಎಂದರು ಕೋಳಿ ವ್ಯಾಪಾರಿ.

ಗೇಟು ತೆರೆಯಿತು. ವ್ಯಾನು ಹೊರಟಿತು. ಅವರು ಮತ್ತೆ ಅವನ ಕಡೆ ನೋಡಿದರು, ಮುಂದೆ ಕೂತ ಇಬ್ಬರ ಕಡೆ ನೋಡಿದರು, ತಮ್ಮ ಪೆಟ್ಟಿಗೆಗಳ ಕಡೆ ನೋಡಿದರು.

“ಇವ್ರಾ ನಮ್ಮ ಗಾಡಿ ಓಡಿಸ್ಬೇಕಾಗಿದ್ದಿದ್ದು?”

“ಇನ್ನೂ ಇಪ್ಪತ್ತೊಂದು ನಿಮಿಷ,” ಎಂದೆ.

ಅವರು ಕೈ ಚಾಚಿ, ಕಿವಿ ಕುಕ್ಕುತ್ತಿದ್ದ ಮರಿಯನ್ನು ಬೆರಳಿನಿಂದ ಒಳಗೆ ತಳ್ಳಿದರು.

ನೋಂದಣಿ ಕಚೇರಿಯ ಮುಂದೆ ಇಳಿದಾಗ ನಾಲ್ಕೂ ಐವತ್ತು. ಬಾಗಿಲು ತೆರೆದೇ ಇತ್ತು. ಓಡಿ ಒಳಗೆ ಹೋದೆ. ಕೀಲಿಕೈಯವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಂದೆ ಹಾಸಿದ ಪೇಪರಿನ ಮೇಲೆ ಒಂದು ಬೀಗದ ಹದಿನೇಳು ಚೂರುಗಳು ಸಾಲಾಗಿದ್ದವು. ನೋಂದಣಾಧಿಕಾರಿ ಕೈಚೀಲ ಹೆಗಲಿಗೆ ಹಾಕಿಕೊಂಡು, ಮೇಜಿಗೆ ಒರಗಿ, ಅವರನ್ನು ನೋಡುತ್ತ ನಿಂತಿದ್ದರು.

ಆದದ್ದು ಇಷ್ಟು. ಆ ಕಚೇರಿಯ ಬೀರುವಿನ ಬೀಗ ವರ್ಷದಿಂದ ಬಿಗಿಯಾಗಿತ್ತಂತೆ. ನಾಲ್ಕು ಗಂಟೆಗೆ ಕೀಲಿಕೈಯವರು, ಸುಮ್ಮನೆ ಕೂತಿದ್ದೀನಲ್ಲ, ಸರಿಮಾಡಿ ಕೊಡ್ಲಾ ಎಂದು ಕೇಳಿದ್ದಾರೆ. ಆಕೆ ಹೂಂ ಎಂದಿದ್ದಾರೆ. ಇವರು ಬೀಗ ಬಿಚ್ಚಿ, ಒಂದೊಂದೇ ಚೂರನ್ನು ಒರೆಸಿ, ಎಣ್ಣೆ ಹಾಕಿ, ಒಣಗಲು ಇಟ್ಟಿದ್ದಾರೆ. ನೋಂದಣಿ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ ಅಧಿಕಾರಿ ಹೊರಡುವಂತಿಲ್ಲ ಎಂಬುದು ಅಲ್ಲಿಯ ನಿಯಮ.

“ಎಷ್ಟು ಹೊತ್ತು ಬೇಕು ಅಂತ ಮೂರು ಸಲ ಕೇಳ್ದೆ,” ಎಂದರು ಅಧಿಕಾರಿ ನನಗೆ. “ಕೆಲಸ ಅಂದ್ಮೇಲೆ ಕ್ರಮವಾಗಿ ಮಾಡ್ಬೇಕು ಅಂದ್ರು. ನನಗೂ ಮನೆಗೆ ಹೋಗೋಕೆ ರೈಲಿಲ್ಲ ಬಿಡಿ. ತಾರೀಖಂತೂ ಇವತ್ತಿಂದೇ. ಸಾಕ್ಷಿಗಳೆಲ್ಲಿ?”

ಇಬ್ಬರು ಅಲ್ಲೇ ಇದ್ದರು. ಮೂರನೆಯವನನ್ನು ಕರೆಯಲು ನಾನು ಹೊರಗೆ ಬಂದೆ. ವ್ಯಾನಿನ ಹಿಂದಿನ ಬಾಗಿಲು ತೆಗೆದು ಅವನ ಭುಜದ ಮೇಲೆ ಕೈಯಿಟ್ಟೆ. ಅವನ ಚೀಲದಲ್ಲಿ ಬಿಳಿ ಅಂಗಿ ಮಡಿಕೆಯೂ ಮುರಿಯದೆ ಇತ್ತು. ಮೂರು ತಿಂಗಳು ನಾನು ಹಟ ಹಿಡಿದಿದ್ದು ಈ ಒಂದು ಸಹಿಗಾಗಿ. ಅಲುಗಿಸಿದರೆ ಹೇಗೋ ಏಳುತ್ತಿದ್ದ, ನಡೆಸಿಕೊಂಡು ಹೋದರೆ ಹೇಗೋ ಗೀಚುತ್ತಿದ್ದ. ರೈಲ್ವೆ ಕಚೇರಿಯವರು ಇವನಿಂದ ಕೇಳುತ್ತ ಬಂದದ್ದೂ ಅಷ್ಟನ್ನೇ ಎಂದು ಹೊಳೆದು ಕೈ ಹಿಂದಕ್ಕೆ ಬಂತು.

“ಮಲಗ್ಲಿ ಬಿಡಿ,” ಎಂದರು ಹಿಂದೆ ನಿಂತಿದ್ದ ಕೋಳಿ ವ್ಯಾಪಾರಿ. “ಯಾರ ಸಹಿಯಾದ್ರೂ ಆಗುತ್ತಾ?”

ಒಳಗೆ ಹೋಗಿ ಕೇಳಿದಾಗ, ಆಗುತ್ತದೆ ಎಂದರು ಅಧಿಕಾರಿ. ಕೋಳಿ ವ್ಯಾಪಾರಿ ಅಂಗಿಗೆ ಅಂಟಿದ್ದ ಪುಕ್ಕ ಕೊಡವಿಕೊಂಡು, ಪುಸ್ತಕದಲ್ಲಿ ವಧುವಿನ ಕಡೆಯ ಸಾಕ್ಷಿ ಎಂಬಲ್ಲಿ ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದರು. ಕೀಲಿಕೈಯವರು ಹದಿನೇಳು ಚೂರುಗಳನ್ನು ಮೂರು ನಿಮಿಷದಲ್ಲಿ ಜೋಡಿಸಿ ಬೀರುವಿಗೆ ಬೀಗ ಹಾಕಿಕೊಟ್ಟರು. ಅಧಿಕಾರಿ ಗಡಿಯಾರ ನೋಡಿದರು, ಅವರನ್ನು ನೋಡಿದರು.

ನಾವಿಬ್ಬರೂ ವ್ಯಾನಿನ ಹತ್ತಿರ ಬಂದೆವು. ನಾನು ಬಗ್ಗಿ ಅವನ ಕಿವಿಯ ಹತ್ತಿರ, “ಮದ್ವೆ ಆಯ್ತು,” ಎಂದೆ.

ಅವನ ತೋರುಬೆರಳು ಎದ್ದಿತು. “ಮದ್ವೆ ಆಯ್ತು,” ಎಂದ. ಕಣ್ಣು ತೆರೆದಿರಲಿಲ್ಲ.

ನಾನು ಬಿಡಲಿಲ್ಲ. “ನೋಡಿ ಹೇಳೋ,” ಎಂದೆ.

ಅವನು ಕಷ್ಟಪಟ್ಟು ಒಂದು ಕಣ್ಣು ತೆರೆದ. ಮೊದಲು ನನ್ನನ್ನು ನೋಡಿದ, ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು, ಆಮೇಲೆ ನನ್ನ ಹಿಂದೆ ಸಂಜೆ ಬಿಸಿಲಿನಲ್ಲಿ ಬಾಗಿಲು ಹಿಡಿದು ನಿಂತವರನ್ನು. ಬೆರಳು ತೋರಿಸಿ, “ಮದ್ವೆ ಆಯ್ತು,” ಎಂದ. ಕಣ್ಣು ಮತ್ತೆ ಮುಚ್ಚಿತು.

“ಬಾಗ್ಲು ಹಾಕಿ ಭಾವ,” ಎಂದ. “ಬೆಳಕು ಬೀಳ್ತಿದೆ.”

ಅವರು ಸದ್ದಾಗದ ಹಾಗೆ ಬಾಗಿಲು ಹಾಕಿದರು.